ಕೈ ಕೆಸರಾಗಲು ಕರೆದ ಫೇಸ್‌ಬುಕ್

ಮೂರು ವರ್ಷದ ಹಿಂದಿನ ಮಾತು. ಜೂನ್ ತಿಂಗಳ ಮೊದಲ ವಾರ. ನಮ್ಮ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಗಿಡ ನೆಡಬೇಕೆಂದು ಹೊರಟಿದ್ದೆವು. ಅರಣ್ಯ ಇಲಾಖೆಯ ನರ್ಸರಿಯಿಂದ ತಂದ ಹೊಂಗೆ, ಬೇವು, ನೇರಳೆ ಸಸಿಗಳು ಜಗಲಿಯ ನೆರಳಿನಲ್ಲಿ ಕುಳಿತಿದ್ದವು. ಗುಂಡಿ ತೋಡಲು ಜನ ಬೇಕಲ್ಲ? ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ನಾನೇ ಸಂದೇಶ ಬರೆದೆ. ‘ಪರಿಸರ ಉಳಿಸೋಣ ಬನ್ನಿ. ಭಾನುವಾರ ಶಾಲೆಯಲ್ಲಿ ಶ್ರಮದಾನ. ಸರ್ವರಿಗೂ ಆದರದ ಸ್ವಾಗತ.’

ಅರ್ಧ ಗಂಟೆಯಲ್ಲಿ ಹೆಬ್ಬೆಟ್ಟುಗಳ ಮಳೆ ಸುರಿಯಿತು. ಎಣಿಸಿದೆ. ನೂರ ಹದಿನಾಲ್ಕು. ಹಿಗ್ಗಿಹೋದೆ. ನನ್ನ ಖರ್ಚಿನಲ್ಲೇ ನೂರು ಜನರಿಗಾಗುವಷ್ಟು ಉಪ್ಪಿಟ್ಟು ಮಾಡಿಸಿದೆ.

ಭಾನುವಾರ ಬಂದವರು ಒಂಬತ್ತು ಮಂದಿ. ಅವರಲ್ಲಿ ಇಬ್ಬರು ನಮ್ಮ ಶಾಲೆಯ ಶಿಕ್ಷಕರೇ. ಇನ್ನೊಬ್ಬ ನನ್ನ ಮಗ. ಅವನನ್ನು ನಾನೇ ಎಬ್ಬಿಸಿ ಕರೆತಂದಿದ್ದೆ. ಉಪ್ಪಿಟ್ಟು ಪಕ್ಕದ ಹಾಸ್ಟೆಲಿಗೆ ಹೋಯಿತು. ಸಸಿಗಳಲ್ಲಿ ಅರ್ಧದಷ್ಟು ಜಗಲಿಯ ಮೇಲೆಯೇ ಒಣಗಿದವು.

ನಮ್ಮ ಅಜ್ಜಂದಿರ ಕಾಲದಲ್ಲಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಹೊಲ ಮಾರಿಯಾದರೂ ಸಾಲ ತೀರಿಸುತ್ತಿದ್ದರು. ಈಗಿನ ಹೆಬ್ಬೆಟ್ಟಿಗೆ ಆ ಭಾರವಿಲ್ಲ. ‘ಈಗಿನ ಹುಡುಗರು ಬೆರಳಾಡಿಸಲು ಮಾತ್ರ ಲಾಯಕ್ಕು’ ಎಂದು ಸ್ಟಾಫ್ ರೂಮಿನಲ್ಲಿ ಗೊಣಗಿದೆ. ಎಲ್ಲರೂ ತಲೆಯಾಡಿಸಿದರು. ಅದೂ ಒಂದು ಬಗೆಯ ಹೆಬ್ಬೆಟ್ಟೇ!

ಅದೇ ವರ್ಷ ಮಕ್ಕಳಿಗೆ ಭೂಕಂಪದ ಪಾಠ ಮಾಡಲು ಓದಿಕೊಳ್ಳುತ್ತಿದ್ದಾಗ ನ್ಯೂಜಿಲೆಂಡ್ ದೇಶದ ಕ್ರೈಸ್ಟ್‌ಚರ್ಚ್ ಎಂಬ ಊರಿನ ಕಥೆ ಕಣ್ಣಿಗೆ ಬಿತ್ತು. ತಪ್ಪು ಹುಡುಗರದಲ್ಲ, ಕರೆದ ಮೇಷ್ಟರದು ಎಂದು ನನಗೆ ಅರ್ಥವಾದದ್ದು ಆಗಲೇ. ಹೆಬ್ಬೆಟ್ಟು ಒತ್ತುವ ಕೈಗೆ ಗುದ್ದಲಿ ಹಿಡಿಸುವುದು ಹೇಗೆ? ವಿದ್ಯಾರ್ಥಿಗಳೂ ಅವರ ತಂದೆ ತಾಯಂದಿರೂ ಕೇಳಬೇಕಾದ ಕಥೆ ಇದು.

ನೆಲ ನೀರಾದಾಗ

ಕ್ರಿಕೆಟ್ ಪ್ರಿಯರಿಗೆ ಕ್ರೈಸ್ಟ್‌ಚರ್ಚ್ ಹೊಸ ಹೆಸರಲ್ಲ. 1988ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಟೆಸ್ಟ್ ವಿಕೆಟ್‌ಗಳ ವಿಶ್ವದಾಖಲೆ ಮುರಿದ ರಿಚರ್ಡ್ ಹ್ಯಾಡ್ಲಿಯವರ ಹುಟ್ಟೂರು ಅದು. ಏವನ್ ಎಂಬ ಪುಟ್ಟ ನದಿ ಊರ ನಡುವೆ ಬಳುಕುತ್ತಾ ಹರಿಯುತ್ತದೆ. ಊರಿನ ಬಹುಭಾಗ ನಿಂತಿರುವುದು ಒಂದು ಕಾಲದ ಜೌಗಿನ ಮೇಲೆ. ನದಿಗಳು ಸಾವಿರಾರು ವರ್ಷ ತಂದು ಹಾಸಿದ ಮರಳು, ನಯವಾದ ಹೂಳು ಅಲ್ಲಿನ ನೆಲ. ಒಂದೆರಡು ಮೀಟರ್ ತೋಡಿದರೆ ಹಲವೆಡೆ ನೀರು.

2010ರ ಸೆಪ್ಟೆಂಬರ್ 4, ಶನಿವಾರ. ಬೆಳಗಿನ ಜಾವ 4 ಗಂಟೆ 35 ನಿಮಿಷಕ್ಕೆ ಊರಿನ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಭೂಮಿ ನಡುಗಿತು. ಪರಿಮಾಣ 7.1. ಜನರೆಲ್ಲ ಮನೆಯೊಳಗೆ ಮಲಗಿದ್ದ ಹೊತ್ತು. ಅಲ್ಲಿನ ಮನೆಗಳು ಬಹುತೇಕ ಮರದ ಚೌಕಟ್ಟಿನವು; ಬಳುಕಿದವು, ಬೀಳಲಿಲ್ಲ. ಅಷ್ಟು ದೊಡ್ಡ ಕಂಪನವಾದರೂ ಕಟ್ಟಡದಡಿ ಸಿಕ್ಕಿ ಯಾರೂ ಸಾಯಲಿಲ್ಲ.

ಆದರೆ ಬೆಳಕು ಹರಿದಾಗ ಜನ ಕಂಡದ್ದು ವಿಚಿತ್ರ ದೃಶ್ಯ. ಅಂಗಳದಲ್ಲಿ, ರಸ್ತೆಯಲ್ಲಿ, ಕೆಲವರ ಮನೆಯ ಒಳಗೂ ಬೂದು ಬಣ್ಣದ ಕೆಸರು. ಮಳೆ ಬಂದಿಲ್ಲ, ನದಿ ಉಕ್ಕಿಲ್ಲ. ಕೆಸರು ಬಂದದ್ದು ನೆಲದೊಳಗಿನಿಂದ!

ಇದಕ್ಕೆ ಮಣ್ಣಿನ ದ್ರವೀಕರಣ ಎಂದು ಹೆಸರು. ಮನೆಯಲ್ಲಿಯೇ ಇದನ್ನು ಮಾಡಿ ನೋಡಬಹುದು. ಪ್ಲಾಸ್ಟಿಕ್ ಟಬ್ಬಿನಲ್ಲಿ ಮರಳು ತುಂಬಿ, ಮೇಲ್ಮೈಯ ಮಟ್ಟದವರೆಗೆ ನಿಧಾನವಾಗಿ ನೀರು ಹಾಕಿ. ಮೇಲೆ ಒಂದು ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ. ಅದು ಗಟ್ಟಿಯಾಗಿ ನಿಲ್ಲುತ್ತದೆ. ಈಗ ಟಬ್ಬಿನ ಬದಿಗೆ ಬಿಡದೆ ಬಡಿಯಿರಿ. ನೀರು ಮೇಲೆ ಜಿನುಗುತ್ತದೆ, ಇಟ್ಟಿಗೆ ವಾಲುತ್ತದೆ, ಹೂತುಹೋಗುತ್ತದೆ. ಒಂದಕ್ಕೊಂದು ಒತ್ತಿ ನಿಂತು ಭಾರ ಹೊರುವ ಮರಳಿನ ಕಣಗಳು ಕಂಪನಕ್ಕೆ ಸಡಿಲವಾಗುತ್ತವೆ. ಭಾರವೆಲ್ಲ ನಡುವಿನ ನೀರಿನ ಮೇಲೆ ಬೀಳುತ್ತದೆ. ಒತ್ತಡ ತಾಳದ ನೀರು ಹೂಳನ್ನೂ ಎತ್ತಿಕೊಂಡು ಬಿರುಕುಗಳಿಂದ ಮೇಲೆ ಚಿಮ್ಮುತ್ತದೆ. ಕ್ರೈಸ್ಟ್‌ಚರ್ಚ್‌ನಲ್ಲಿ ಆದದ್ದು ಇದೇ. ಒಡೆದ ಒಳಚರಂಡಿಯ ಹೊಲಸೂ ಅದರೊಡನೆ ಸೇರಿತ್ತು.

ಇನ್ನೂರು ಗೆಳೆಯರಿಗೊಂದು ಕರೆ

ಒದ್ದೆಯಾಗಿದ್ದಾಗ ಈ ಹೂಳು ಸಿಮೆಂಟ್ ಗಾರೆಯಷ್ಟು ಭಾರ. ಒಣಗಿದರೆ ಶ್ವಾಸಕೋಶಕ್ಕೆ ಹೋಗುವ ದೂಳು. ಇಕ್ಕಟ್ಟಿನ ಹಿತ್ತಲಿಗೆ ಯಂತ್ರ ನುಗ್ಗುವುದಿಲ್ಲ. ಸಲಿಕೆ ಹಿಡಿದು, ಕೈಗಾಡಿಯಲ್ಲಿ ತುಂಬಿ, ರಸ್ತೆಬದಿಗೆ ತಂದು ಸುರಿಯಬೇಕು. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳೇ ಇರುವ ಮನೆಯಲ್ಲಿ ಇದನ್ನು ಮಾಡುವವರು ಯಾರು?

ಕ್ಯಾಂಟರ್ಬರಿ ವಿಶ್ವವಿದ್ಯಾಲಯ ಆ ಊರಿನ ಪಶ್ಚಿಮ ಭಾಗದಲ್ಲಿದೆ. ಭೂಕಂಪದಿಂದಾಗಿ ಅದಕ್ಕೆ ರಜೆ. ಅಲ್ಲಿ ಕಾನೂನು ಓದುತ್ತಿದ್ದ ಸ್ಯಾಮ್ ಜಾನ್ಸನ್ ಎಂಬ ಇಪ್ಪತ್ತೊಂದರ ಯುವಕನಿಗೆ ಒಂದು ಯೋಚನೆ ಬಂತು. ಸಾವಿರಾರು ವಿದ್ಯಾರ್ಥಿಗಳು ಕೈಕಟ್ಟಿ ಕುಳಿತಿದ್ದಾರೆ. ಊರಿನ ಇನ್ನೊಂದು ತುದಿಯಲ್ಲಿ ಕೆಸರಿನ ರಾಶಿ ಬಿದ್ದಿದೆ. ಇವೆರಡನ್ನೂ ಸೇರಿಸಿದರೆ?

ಅಧಿಕಾರಿಗಳಿಂದ ಮೊದಲಿಗೆ ಉತ್ಸಾಹದ ಉತ್ತರ ಬರಲಿಲ್ಲ. ಅವರನ್ನು ದೂರಿ ಫಲವಿಲ್ಲ. ತರಬೇತಿಯಿಲ್ಲದ ಹುಡುಗರ ಗುಂಪು ವಿಕೋಪದ ಜಾಗಕ್ಕೆ ನುಗ್ಗಿ, ಯಾರಾದರೂ ಗೋಡೆಯಡಿ ಸಿಕ್ಕಿಬಿದ್ದರೆ ಹೊಣೆ ಯಾರದು? ಸ್ಯಾಮ್ ಫೇಸ್‌ಬುಕ್‌ನಲ್ಲಿ ಒಂದು ಪುಟ ತೆರೆದು, ತನ್ನ ಇನ್ನೂರರಷ್ಟು ಗೆಳೆಯರಿಗೆ ಕರೆ ಕಳುಹಿಸಿದ. ಆ ಗೆಳೆಯರು ತಮ್ಮ ಗೆಳೆಯರಿಗೆ ದಾಟಿಸಿದರು. ಜೀವ ಉಳಿಸುವ ಕೆಲಸಕ್ಕೆ ನಾವು ಕೈಹಾಕುವುದಿಲ್ಲ, ಅದು ತಜ್ಞರದು. ನಮ್ಮದು ಕೆಸರು ಎತ್ತುವ ಕೆಲಸ ಮಾತ್ರ – ಹೀಗೆ ಎಲ್ಲೆ ಹಾಕಿಕೊಂಡೇ ಅವರು ಹೊರಟರು. ಮುಂದಿನ ಎರಡು ವಾರಗಳಲ್ಲಿ ಸುಮಾರು 2,500 ವಿದ್ಯಾರ್ಥಿಗಳು ಸಲಿಕೆ ಹಿಡಿದರು. ಈ ಪಡೆಗೆ ವಿದ್ಯಾರ್ಥಿ ಸ್ವಯಂಸೇವಕರ ಸೈನ್ಯ ಎಂಬ ಹೆಸರು ನಿಂತಿತು. ಕೆಲಸ ಮುಗಿಯಿತೆಂದು ಹುಡುಗರು ತರಗತಿಗೆ ಮರಳಿದರು.

ಫೆಬ್ರುವರಿಯ ಮಧ್ಯಾಹ್ನ

ಮುಗಿದಿರಲಿಲ್ಲ. 2011ರ ಫೆಬ್ರುವರಿ 22, ಮಂಗಳವಾರ, ಮಧ್ಯಾಹ್ನ 12 ಗಂಟೆ 51 ನಿಮಿಷ. ಈ ಸಲ ಪರಿಮಾಣ 6.3. ಬಿಡುಗಡೆಯಾದ ಶಕ್ತಿ ಲೆಕ್ಕ ಹಾಕಿದರೆ ಮೊದಲಿನದರ ಹದಿನಾರನೇ ಒಂದು ಭಾಗದಷ್ಟೇ. ಆದರೆ ಕೇಂದ್ರ ಊರಿಗೆ ಹತ್ತೇ ಕಿಲೋಮೀಟರ್ ದೂರ, ಆಳ ಐದೇ ಕಿಲೋಮೀಟರ್. ಒಂದು ಕಡೆಯ ಉಪಕರಣದಲ್ಲಿ ನೆಲದ ವೇಗೋತ್ಕರ್ಷ ಗುರುತ್ವದ ಎರಡು ಪಟ್ಟಿಗೂ ಮೀರಿ ದಾಖಲಾಯಿತು. ಪೇಟೆಯಲ್ಲಿ ಜನ ತುಂಬಿದ್ದ ಊಟದ ವೇಳೆ ಬೇರೆ. 185 ಜನ ಸತ್ತರು. ಒಂದೇ ಕಟ್ಟಡ ಕುಸಿದು 115 ಮಂದಿ. ಅವರಲ್ಲಿ ಇಂಗ್ಲಿಷ್ ಕಲಿಯಲು ಜಪಾನ್, ಚೀನಾ ಮುಂತಾದ ದೇಶಗಳಿಂದ ಬಂದಿದ್ದ ವಿದ್ಯಾರ್ಥಿಗಳು ಅನೇಕರು.

ಪೂರ್ವದ ಬಡಾವಣೆಗಳಲ್ಲಿ ಮತ್ತೆ ಕೆಸರು ಚಿಮ್ಮಿತು. ಈ ಸಲ ಹಲವು ಪಟ್ಟು ಹೆಚ್ಚು. ಊರಿನಿಂದ ಎತ್ತಿದ ಹೂಳಿನ ಮೊತ್ತ 4 ಲಕ್ಷ ಟನ್ನಿಗೂ ಮೀರಿದ್ದು. ನಮ್ಮ ಹತ್ತು ಟನ್ನಿನ ಲಾರಿಯಲ್ಲಿ ಹೊತ್ತರೆ ನಲವತ್ತು ಸಾವಿರ ಲೋಡು.

ಐದು ತಿಂಗಳ ಹಿಂದಿನ ಆ ಫೇಸ್‌ಬುಕ್ ಪುಟ ಮತ್ತೆ ಜೀವ ತಳೆಯಿತು. ಈ ಬಾರಿ ಸೇರಿದವರು ಹತ್ತು ಸಾವಿರಕ್ಕೂ ಹೆಚ್ಚು. ಮೊದಲು ಹಿಂಜರಿದಿದ್ದ ಅಧಿಕಾರಿಗಳೂ ಈಗ ಜೊತೆಗೆ ನಿಂತರು. ವಿಶ್ವವಿದ್ಯಾಲಯದಿಂದ ಬಸ್ಸುಗಳು ಹೊರಟವು. ಸುತ್ತಲಿನ ರೈತರು ತಮ್ಮ ಟ್ರ್ಯಾಕ್ಟರು, ಲೋಡರುಗಳೊಡನೆ ಬಂದರು. ಹಿತ್ತಲಿನಿಂದ ಬೀದಿಗೆ ಹುಡುಗರ ಸಲಿಕೆ, ಬೀದಿಯಿಂದಾಚೆಗೆ ಯಂತ್ರ. ಹೀಗೆ ಕೆಲಸ ಸಾಗಿತು.

ಕರೆಯ ಗುಟ್ಟು

‘ಫೇಸ್‌ಬುಕ್ ಪವಾಡ’ ಎಂದು ಇದನ್ನು ಹೊಗಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಫೇಸ್‌ಬುಕ್ ನನ್ನ ಬಳಿಯೂ ಇತ್ತು, ಪವಾಡ ನಡೆಯಲಿಲ್ಲ. ಹಾಗಾದರೆ ಅವರ ಕರೆಗೂ ನನ್ನ ಕರೆಗೂ ಇದ್ದ ವ್ಯತ್ಯಾಸವೇನು?

ಮೊದಲನೆಯದು, ಅವರು ಕೇಳಿದ ಕೆಲಸ ಸ್ಪಷ್ಟವಾಗಿತ್ತು. ‘ಊರು ಕಟ್ಟೋಣ’ ಎಂದು ಕರೆಯಲಿಲ್ಲ. ಸಲಿಕೆ ತನ್ನಿ, ಗಂಬೂಟು ಹಾಕಿಕೊಳ್ಳಿ, ಕೆಸರು ಎತ್ತೋಣ ಎಂದರು. ಓದಿದವನಿಗೆ ತಾನೇನು ಮಾಡಬೇಕೆಂದು ಕಣ್ಣಿಗೆ ಕಟ್ಟುತ್ತದೆ. ನನ್ನ ‘ಪರಿಸರ ಉಳಿಸೋಣ’ ಎಂಬುದರಲ್ಲಿ ಎಷ್ಟು ಹೊತ್ತಿಗೆ ಬರಬೇಕು, ಏನು ತರಬೇಕು, ಯಾವಾಗ ಬಿಡುವು, ಒಂದಕ್ಕೂ ಉತ್ತರವಿರಲಿಲ್ಲ.

ಎರಡನೆಯದು, ಕರೆದವನು ಗೆಳೆಯ. ಎಲ್ಲರನ್ನೂ ಕರೆದರೆ ಯಾರನ್ನೂ ಕರೆದಂತಾಗುವುದಿಲ್ಲ. ಮದುವೆ ಕರೆಯೋಲೆಯನ್ನು ಗೋಡೆಗೆ ಅಂಟಿಸಿ ಬಂದರೆ ನೆಂಟರು ಬರುತ್ತಾರೆಯೇ? ಮನೆಗೆ ಹೋಗಿ, ಅರಿಶಿನ ಕುಂಕುಮ ಕೊಟ್ಟು, ‘ಬರಲೇಬೇಕು’ ಅನ್ನಬೇಕು. ಫೇಸ್‌ಬುಕ್‌ನ ನಿಜವಾದ ಬಲ ಇರುವುದು ಗೆಳೆಯ ಗೆಳೆಯನನ್ನು ಎಳೆಯುವ ಈ ಸರಪಳಿಯಲ್ಲಿ.

ಮೂರನೆಯದು, ಬಂದವನಿಗೆ ಕೆಲಸ ಕಾದಿತ್ತು. ಗುಂಪಿಗೊಬ್ಬ ನಾಯಕ, ಗುಂಪಿಗೊಂದು ಬೀದಿ. ಬಂದವನನ್ನು ಕಾಯಿಸಿ ನಿಲ್ಲಿಸಿದರೆ ಮರುದಿನ ಅವನು ಬರುವುದಿಲ್ಲ. ನನ್ನ ಭಾನುವಾರ ಬಂದಿದ್ದ ಒಂಬತ್ತು ಮಂದಿಗೆ ಇದ್ದ ಗುದ್ದಲಿ ಮೂರು. ನೂರು ಜನ ಬಂದಿದ್ದರೆ ಏನು ಗತಿಯಾಗುತ್ತಿತ್ತೋ!

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಫೇಸ್‌ಬುಕ್ ಕೂಡಿಸಿದ್ದು ನೆರವು ನೀಡುವವರನ್ನು, ನೆರವು ಬೇಕಾದವರನ್ನಲ್ಲ. ಯೋಚಿಸಿ. ಪೂರ್ವದ ಬಡಾವಣೆಗಳಲ್ಲಿ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ಕೆಸರಿನ ನಡುವೆ ಸಿಕ್ಕಿಕೊಂಡ ಅಜ್ಜಿಗೆ ಕಂಪ್ಯೂಟರ್ ಗೊತ್ತಿಲ್ಲ. ಅವಳಿಗಾಗಿ ದೂರವಾಣಿ ಸಂಖ್ಯೆ ಬೇಕು, ಬಾಗಿಲು ತಟ್ಟುವ ಕೈ ಬೇಕು. ಹುಡುಗರು ಬೀದಿ ಬೀದಿ ತಿರುಗಿದರು, ಮಾಹಿತಿಯ ಕರಪತ್ರ ಹಂಚಿದರು. ಹೊಸ ಸಾಧನಕ್ಕೆ ಹಳೆಯ ಕಾಲ್ನಡಿಗೆ ಸೇರಿದ್ದರಿಂದಲೇ ಕೆಲಸ ಕೈಗೂಡಿತು.

ಕೆಸರು ಮತ್ತೆ ಬಂದಾಗ

ಈ ಕಥೆಗೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಟ್ಟರೆ ಮಕ್ಕಳಿಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2011ರ ಜೂನ್ 13ರಂದು ಮತ್ತೆ ಭೂಮಿ ನಡುಗಿತು. ಹಸನು ಮಾಡಿದ ಬೀದಿಗಳಲ್ಲಿಯೇ ಮತ್ತೆ ಕೆಸರು. ಹುಡುಗರು ಮತ್ತೆ ಸಲಿಕೆ ಹಿಡಿದರು. ಅದೇ ವರ್ಷ ಡಿಸೆಂಬರ್ 23ಕ್ಕೆ ಇನ್ನೊಮ್ಮೆ ಕಂಪನ, ಮತ್ತೆ ಕೆಸರು. ಕೊನೆಗೆ ಈ ನೆಲ ವಾಸಕ್ಕೆ ತಕ್ಕುದಲ್ಲವೆಂದು ಸರ್ಕಾರ ತೀರ್ಮಾನಿಸಿತು. ಸುಮಾರು 8,000 ಮನೆಗಳ ಪ್ರದೇಶ ಖಾಲಿಯಾಯಿತು. ಬೆಕ್ಸ್‌ಲಿ, ಏವನ್‌ಸೈಡ್‌ನಂಥ ಬಡಾವಣೆಗಳಲ್ಲಿ ಬೀದಿಗೆ ಬೀದಿಯೇ ಹುಲ್ಲುಗಾವಲಾಯಿತು.

ಹಾಗಾದರೆ ಅವರು ಎತ್ತಿದ ಕೆಸರೆಲ್ಲ ವ್ಯರ್ಥವೇ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೊಟ್ಟ ಉತ್ತರ ನನಗೆ ಹೊಳೆದಿರಲಿಲ್ಲ. ‘ಸಾರ್, ಅಜ್ಜಿ ಒಬ್ಬಳೇ ಇದ್ದಾಗ ಬಾಗಿಲಿಗೆ ಇಪ್ಪತ್ತು ಜನ ಬಂದರಲ್ಲ, ಅದು ವ್ಯರ್ಥ ಹೇಗಾಗುತ್ತೆ?’

ಅಂಗಳ ಉಳಿಯಲಿಲ್ಲ, ಬಳಗ ಉಳಿಯಿತು. ಸ್ಯಾಮ್ ಜಾನ್ಸನ್‌ಗೆ 2012ರಲ್ಲಿ ವರ್ಷದ ಯುವ ನ್ಯೂಜಿಲೆಂಡಿಗ ಎಂಬ ಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡದು, ಅವನು ಓದು ಮುಗಿಸಿ ಹೋದ ಮೇಲೂ ವಿದ್ಯಾರ್ಥಿಗಳ ಸೈನ್ಯ ಚದುರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಅದು ಕಾಯಂ ಸಂಘವಾಯಿತು. ಶಾಲಾ ಮಕ್ಕಳು ತಾವು ಮಾಡಿದ ಸೇವೆಯ ಗಂಟೆಗಳನ್ನು ಬರೆದಿಡುವ ಕಾರ್ಯಕ್ರಮವೂ ಬಂತು. 2020ರಲ್ಲಿ ಕೊರೊನಾ ಬಂದು ಊರೆಲ್ಲ ಬಾಗಿಲು ಹಾಕಿದಾಗ ಇದೇ ಹೆಸರಿನ ಯುವಕರು ವೃದ್ಧರ, ರೋಗಿಗಳ ಮನೆ ಬಾಗಿಲಿಗೆ ದಿನಸಿ ತಲುಪಿಸಿದರು. ಹತ್ತು ವರ್ಷದ ಹಿಂದೆ ಸಲಿಕೆ ಹಿಡಿದವರೇ ಇವರಲ್ಲ. ಅವರ ತಮ್ಮ ತಂಗಿಯರ ತಲೆಮಾರು.

ಭೂಕಂಪವಿಲ್ಲದ ದಿನ

ವಿಪತ್ತು ಬಂದಾಗ ಜನ ತಾವಾಗಿ ಓಡಿ ಬರುತ್ತಾರೆ. ದಿನನಿತ್ಯದ ಕಸಕ್ಕೆ ಯಾರು ಬರುತ್ತಾರೆ? ಇದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲಿಯೇ ಇದೆ. 2010ರಲ್ಲಿ ಚರ್ಚ್ ಸ್ಟ್ರೀಟ್ ಸುತ್ತಮುತ್ತ ‘ದಿ ಅಗ್ಲಿ ಇಂಡಿಯನ್’ ಎಂಬ ಗುಂಪು ಹುಟ್ಟಿತು. ತಾವು ಯಾರೆಂದು ಅದನ್ನು ಶುರುಮಾಡಿದವರು ಹೇಳಿಕೊಳ್ಳಲಿಲ್ಲ. ಭಾಷಣವಿಲ್ಲ, ಬ್ಯಾನರಿಲ್ಲ. ಕೆಲಸ ಶುರು, ಬಾಯಿ ಬಂದ್ ಎಂಬುದು ಅವರ ಮಂತ್ರ. ಕಸ ಸುರಿಯುವ ಒಂದು ಮೂಲೆಯನ್ನು ಆರಿಸಿಕೊಂಡು, ಬೆಳಿಗ್ಗೆ ಕೆಲವೇ ಗಂಟೆಯಲ್ಲಿ ಗುಡಿಸಿ, ಗೋಡೆಗೆ ಬಣ್ಣ ಬಳಿದು, ಗಿಡದ ಕುಂಡ ಇಟ್ಟು ಹೊರಡುತ್ತಿದ್ದರು. ಕೆಲಸಕ್ಕೆ ಮುಂಚಿನ ಚಿತ್ರ, ಕೆಲಸದ ನಂತರದ ಚಿತ್ರ, ಎರಡೂ ಫೇಸ್‌ಬುಕ್‌ಗೆ. ಅದೇ ಅವರ ಕರೆಯೋಲೆ. ಆ ಜೋಡಿ ಚಿತ್ರ ನೋಡಿದವನಿಗೆ ‘ಇದನ್ನು ನಾನೂ ಮಾಡಬಲ್ಲೆ’ ಅನ್ನಿಸುತ್ತದೆ. ಮುಂದೆ ಮೇಲ್ಸೇತುವೆಯ ಕಂಬಗಳಿಗೆ ಬಣ್ಣ ಬಳಿಯಲು ಅಪರಿಚಿತರೇ ಒಟ್ಟುಗೂಡಿದರು.

ಹೆತ್ತವರಿಗೆ ಎರಡು ಮಾತು

‘ಸಾರ್, ಮೊಬೈಲ್ ವಿಷಯ ಮಕ್ಕಳ ಮುಂದೆ ಹೊಗಳಬೇಡಿ, ಮೊದಲೇ ಕೈಬಿಡೋದಿಲ್ಲ’ ಎಂದು ತಾಯಿಯೊಬ್ಬರು ಪೋಷಕರ ಸಭೆಯಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ಅವರ ಆತಂಕ ಸುಳ್ಳಲ್ಲ. ಚಿಕ್ಕ ಮಕ್ಕಳಿಗೆ ಸ್ವಂತ ಖಾತೆಯ ಅಗತ್ಯವೇ ಇಲ್ಲ. ಸೇವೆಯ ಕರೆ ಮನೆಯ ಹಿರಿಯರ ಫೋನಿಗೆ ಬಂದರೆ ಸಾಕು. ಯಾವ ಕರೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಕರೆದವರು ಯಾರು? ಜೊತೆಗೆ ಇರುವ ಹಿರಿಯರು ಯಾರು? ಎಷ್ಟು ಹೊತ್ತಿಗೆ ಮನೆಗೆ? ಹಣ ಕೇಳಿದರೆ ಸಂಸ್ಥೆಯ ಕಚೇರಿಗೆ ಹೋಗಿ ವಿಚಾರಿಸಿದ ಮೇಲೆಯೇ ಕೊಡಿ.

ಇನ್ನು ದಾಟಿಸುವ ಚಟ. 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಮಹಾಪ್ರವಾಹ ಬಂದಾಗ ಸಾಮಾಜಿಕ ಜಾಲತಾಣಗಳಿಂದ ಎಷ್ಟೋ ಜೀವ ಉಳಿಯಿತು, ನಿಜ. ಆದರೆ ರಕ್ಷಣೆಯಾದ ಮೇಲೂ ಅದೇ ಮನೆಯ ವಿಳಾಸದ ಮೊರೆ ಫೋನಿನಿಂದ ಫೋನಿಗೆ ಸುತ್ತುತ್ತಲೇ ಇತ್ತು. ‘ತುರ್ತಾಗಿ ರಕ್ತ ಬೇಕಾಗಿದೆ’ ಎಂಬ ಸಂದೇಶಗಳೂ ಹಾಗೆಯೇ. ದಿನಾಂಕವಿಲ್ಲದ ಮೊರೆಯನ್ನು ದಾಟಿಸಬೇಡಿ. ಮೊದಲು ಆಸ್ಪತ್ರೆಯ ರಕ್ತನಿಧಿಗೆ ಫೋನ್ ಮಾಡಿ ಕೇಳಿ. ನಿಮಗೆ 18 ತುಂಬಿ, ತೂಕ 45 ಕಿಲೋ ದಾಟಿ, ಆರೋಗ್ಯ ಚೆನ್ನಾಗಿದ್ದರೆ ನೀವೇ ಹೋಗಿ. ನೂರು ಜನರಿಗೆ ದಾಟಿಸುವುದಕ್ಕಿಂತ ಒಬ್ಬ ಹೋಗಿ ಮಲಗುವುದು ಮೇಲು.

ಎರಡನೆಯ ಸಂದೇಶ

ಮರುವರ್ಷ ಜೂನ್‌ನಲ್ಲಿ ನಾನು ಬರೆದ ಸಂದೇಶ ಬೇರೆ. ‘ಭಾನುವಾರ ಬೆಳಿಗ್ಗೆ 7ರಿಂದ 9. ಶಾಲೆಯ ಹಿಂಬದಿ ಮೂವತ್ತು ಗುಂಡಿ ತೋಡಬೇಕು. ಹತ್ತು ಗುದ್ದಲಿ, ಹತ್ತು ಹಾರೆ ನಮ್ಮಲ್ಲಿವೆ. ಇಪ್ಪತ್ತು ಜನ ಸಾಕು. ಬರುವವರು ಹೆಸರು ಬರೆಯಿರಿ, ಹೆಬ್ಬೆಟ್ಟು ಬೇಡ.’ ಪ್ರತಿ ತಂಡದ ಹಳೆಯ ಮಾನಿಟರಿಗೆ ನಾನೇ ಫೋನ್ ಮಾಡಿ, ನಿಮ್ಮ ತರಗತಿಯ ಇಬ್ಬರನ್ನು ಕರೆತನ್ನಿ ಎಂದೆ.

ಹೆಸರು ಬರೆದವರು ಇಪ್ಪತ್ತಮೂರು. ಬಂದವರು ಇಪ್ಪತ್ತೊಂದು. ಒಂಬತ್ತು ಗಂಟೆಗೆ ಸರಿಯಾಗಿ ಕೆಲಸ ನಿಲ್ಲಿಸಿದೆವು. ಪ್ರತಿಯೊಬ್ಬರಿಗೂ ತಾನು ನೆಟ್ಟ ಗಿಡದ ಸಂಖ್ಯೆ ಗೊತ್ತು. ಬೇಸಿಗೆಯಲ್ಲಿ ನೀರು ಹಾಕಲು ವಾರಕ್ಕೆ ಇಬ್ಬರಂತೆ ಸರದಿ. ಪ್ರತಿ ತಿಂಗಳು ಗಿಡದ ಪಕ್ಕ ಒಂದೇ ಮಗು ನಿಂತ ಚಿತ್ರ ಗುಂಪಿಗೆ ಹೋಗುತ್ತದೆ. ಈಗ ಮೂವತ್ತರಲ್ಲಿ ಇಪ್ಪತ್ತಾರು ಬದುಕಿವೆ. ಹೋದ ತಿಂಗಳ ಚಿತ್ರದಲ್ಲಿ ಹೊಂಗೆ ಆ ಮಗುವಿಗಿಂತ ಎತ್ತರ.

ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದ ತಾಯಿ ಈಗ ಆ ಗುಂಪಿನಲ್ಲಿದ್ದಾರೆ. ಅವರ ಮಗನದು ಹನ್ನೊಂದನೆಯ ಗಿಡ, ನೇರಳೆ. ಬೇಸಿಗೆ ರಜೆಯಲ್ಲಿ ಅವನು ಅಜ್ಜಿಯ ಮನೆಗೆ ಹೋದಾಗ ನೀರು ಹಾಕಲು ತಾವೇ ಬಂದಿದ್ದರು. ‘ಅವನು ಫೋನ್ ಮಾಡಿ ಕೇಳ್ತಾನೆ ಸಾರ್, ಹಾಕಿದೆಯಾ ಅಂತ’ ಎಂದು ಕೊಡ ಕೆಳಗಿಟ್ಟರು. ಕಾಲೆಲ್ಲ ಕೆಸರಾಗಿತ್ತು.